ಶೀಲಕ್ಕನ ಹೊಂಡಕ್ಕೆ ಯಾವ ಮೀನು

ಟೈಲರ್ ಶೀಲಕ್ಕನ ಹತ್ರ ಬಟ್ಟೆ ಹೊಲಿಸ್ಲಿಕ್ಕೆ ಹೋದವರು ಯಾರೂ ಬರೀ ಅಳತೆ ಕೊಟ್ಟು ಬರುದಿಲ್ಲ. ಒಂದು ಚಾ, ಒಂದು ಕತೆ, ಮತ್ತೆ "ನಿನ್ನ ಭುಜ ಒಂದು ಬದಿ ಇಳಿದದೆ, ಬ್ಯಾಗು ಆಚೆ ಬದಿಗೆ ಹಾಕು" ಅಂತ ಒಂದು ಬೈಗಳು, ಇಷ್ಟು ಸಿಕ್ಕಿಯೇ ಸಿಕ್ತದೆ. ಬೆಟ್ಟಂಪಾಡಿಯಲ್ಲಿ ಬಸ್ಸಿಳಿದು ಮಣ್ಣಿನ ರಸ್ತೆಯಲ್ಲಿ ಚೂರು ಕೆಳಗೆ ಹೋದ್ರೆ ಅವರ ಮನೆ. ಜಗಲಿಯಲ್ಲಿ ಮೆಷಿನು, ಮೆಷಿನಿನ ಪಕ್ಕ ಕಿಟಕಿ, ಕಿಟಕಿಯಿಂದ ನೋಡಿದ್ರೆ ಹಿತ್ಲು. ಸಿನೆಮಾದವರಿಗೆ ಅಭಿಮಾನಿಗಳು ಇರ್ತಾರಲ್ಲ, ಹಾಗೆ ನಾನು ಶೀಲಕ್ಕನಿಗೆ. ಅವರ ಬಗ್ಗೆ ಬರೀತೇನೆ ಅಂತ ಹೇಳಿದಾಗ ಅವರು ಸೂಜಿಗೆ ನೂಲು ಹಾಕ್ತಾ ಇದ್ರು. "ನನ್ನ ಬಗ್ಗೆ ಎಂತ ಬರೀಲಿಕ್ಕುಂಟು, ಬರೀದಾದ್ರೆ ಹೊಂಡದ ಬಗ್ಗೆ ಬರಿ" ಅಂದ್ರು. ಹಾಗಾಗಿ ಇದು ಹೊಂಡದ ಕತೆ. ಆದ್ರೆ ಓದ್ತಾ ಹೋದ್ರೆ ನಿಮಗೇ ಗೊತ್ತಾಗ್ತದೆ, ಯಾರ ಕತೆ ಅಂತ.

ಆ ಹೊಂಡ ಆದದ್ದೇ ಹಿಂದೆ ಮುಂದೆ ನೋಡದೆ, ಒಂದು ಒಟ್ರಾಸಿ ಲೆಕ್ಕದಲ್ಲಿ. ಪಕ್ಕದ ಜಾಗ ಸಮ ಮಾಡ್ಲಿಕ್ಕೆ ಜೆಸಿಬಿ ಬಂದಿತ್ತು. ಶೀಲಕ್ಕನ ಗಂಡ ಜಯಪ್ರಕಾಶಣ್ಣ, ಎಲ್ಲರೂ ಜೆಪಿಯಣ್ಣ ಅಂತ ಕರೀದು, ಪುತ್ತೂರು ಕಡಬ ರೂಟಿನ ಪ್ರೈವೇಟ್ ಬಸ್ಸಿನ ಡ್ರೈವರು. ಅವರು ಜೆಸಿಬಿಯವನಿಗೆ ಒಂದು ಸೀಯಾಳ ಕೊಟ್ಟು, ಹೇಗೂ ಬಂದಿದ್ದಿ ಮಾರಾಯ, ನಮ್ಮ ಹಿತ್ಲಲ್ಲಿ ಸಹ ಒಂದು ಹೊಂಡ ತೋಡಿ ಕೊಡು, ಬಸಳೆಗೆ ತೊಂಡೆಗೆ ನೀರು ಬಿಡ್ಲಿಕ್ಕೆ ಆಗ್ತದೆ ಅಂತ ಹೇಳಿದ್ದಂತೆ. ಅವ ತೋಡಿದ. ಕೆಳಗೆ ಪೂರ್ತಿ ಮುರಕಲ್ಲು. ಬಿಟ್ಟ ನೀರು ಬೆಳಿಗ್ಗೆಗೆ ಇಲ್ಲ. ಆಮೇಲೆ ಟರ್ಪಾಲು ತಂದು ಹಾಸಿದ್ರು. ನೀರು ನಿಂತಿತು, ನೀರಿನ ಜೊತೆ ಸೊಳ್ಳೆಯೂ ನಿಂತಿತು. ಸಂಜೆ ಆದ್ರೆ ಮೆಷಿನಿನ ಹತ್ರ ಕೂರ್ಲಿಕ್ಕೆ ಬಿಡುದಿಲ್ಲ. ಹಾಗೆ ಮೀನಿನ ಮಾತು ಬಂದದ್ದು.

ಮೀನು ಹಾಕುದು ಅಂತ ಆದ ಮೇಲೆ ಊರಿಡೀ ತಜ್ಞರು. ಜೆಪಿಯಣ್ಣನಿಗೆ ಕಾಟ್ಲಾ ಆಗ್ಬೇಕು, ಯಾಕಂದ್ರೆ ಅವರ ಬಸ್ಸಿನಲ್ಲಿ ದಿನಾ ಬರುವ ಒಬ್ಬರು ಕಾಟ್ಲಾ ಹಾಕಿ ಮಗುವಿನಷ್ಟು ದೊಡ್ಡದು ಹಿಡಿದಿದ್ದರಂತೆ. ಅವರ ಹೊಂಡ ಅರ್ಧ ಎಕರೆ ಅಂತ ಮತ್ತೆ ಗೊತ್ತಾದದ್ದು. ಮೇಲಿನ ಮನೆಯವರು ತಿಲಾಪಿಯಾ ಹಾಕಿ, ಅದು ಸುಮ್ಮನೆ ಬಿಟ್ರೂ ಬೆಳೀತದೆ, ಮರಿ ಮೇಲೆ ಮರಿ ಹಾಕ್ತದೆ ಅಂದ್ರು. ಮಂಗಳೂರಲ್ಲಿ ನರ್ಸಿಂಗ್ ಓದುವ ಮಗಳು ದೀಕ್ಷಿತಾ ಫೋನಲ್ಲಿ, ಅಮ್ಮ ಆ ಕೆಂಪು ಬಿಳಿ ಚಂದದ ಮೀನು ಹಾಕುವ, ರೀಲ್ಸ್ ಮಾಡ್ಲಿಕ್ಕೆ ಆಗ್ತದೆ ಅಂತ. ಸೊಳ್ಳೆಗೆ ಮಾತ್ರ ಅಂತಾದ್ರೆ ಗಪ್ಪಿ ಸಾಕು, ಪಂಚಾಯತಿನವರೇ ಕೊಡ್ತಾರೆ ಅಂತ ಆಶಾ ಕಾರ್ಯಕರ್ತೆ. ಶೀಲಕ್ಕ ಎಲ್ಲರ ಮಾತಿಗೂ ಹೌದಾ ಹೌದಾ ಅಂತ ಹೇಳಿ ಬ್ಲೌಸಿಗೆ ಹುಕ್ಕು ಕೂರಿಸ್ತಾ ಇದ್ರು. ಅವರಿಗೆ ಯಾವ ಮೀನೂ ಮನಸ್ಸಿಗೆ ಬರ್ಲಿಲ್ಲ.

ಆ ವಾರವೇ ಫೌಝಿಯಾರ ವಾಯ್ಸ್ ಮೆಸೇಜು ಬಂದದ್ದು.

ಫೌಝಿಯಾ ಅಂದ್ರೆ ಶೀಲಕ್ಕನ ಬಾಲ್ಯದ ಜೊತೆಗಾರ್ತಿ. ಇಬ್ಬರದ್ದೂ ತವರು ಸುಳ್ಯದ ಮರ್ಕಂಜ. ಒಂದು ಸಣ್ಣ ಹಳ್ಳ, ತೋಡು ಅಂತ ಹೇಳುದು ನಾವು, ಅದರ ಈಚೆ ಶೀಲಕ್ಕನ ಮನೆ, ಆಚೆ ಫೌಝಿಯಾರ ಮನೆ, ನಡುವೆ ಗದ್ದೆ. ಶೀಲಕ್ಕನ ಮನೆಯಲ್ಲಿ ಅರೆಭಾಷೆ, ಅವರ ಮನೆಯಲ್ಲಿ ಬ್ಯಾರಿ. ಆದ್ರೆ ಇವರಿಬ್ಬರು ಮಾತಾಡುದು ಅರೆಭಾಷೆಯಲ್ಲೇ, ಈಗಲೂ. (ನಾನಿಲ್ಲಿ ಎಲ್ಲರಿಗೂ ಗೊತ್ತಾಗ್ಲಿ ಅಂತ ಕನ್ನಡದಲ್ಲಿ ಬರೀತಿದ್ದೇನೆ.) ಶೀಲಕ್ಕ ಮದುವೆಯಾಗಿ ಬೆಟ್ಟಂಪಾಡಿಗೆ ಬಂದ್ರು. ಫೌಝಿಯಾ ಕಡಬಕ್ಕೆ ಹೋದ್ರು, ಅಲ್ಲಿಂದ ಗಂಡನ ಜೊತೆ ದಮ್ಮಾಮಿಗೆ. ಅಲ್ಲಿ ಅವರದ್ದೊಂದು ಸಣ್ಣ ಅಂಗಡಿ. ಊರಿಗೆ ಬರುದು ಅಪರೂಪ. ಬಂದ್ರೂ ಗಂಡನ ಮನೆ, ಮದುವೆ ಮನೆ, ಮರಣದ ಮನೆ ಅಂತಲೇ ರಜೆ ಮುಗೀತದೆ.

ಚಿಕ್ಕಂದಿನಲ್ಲಿ ಇವರಿಬ್ಬರ ದೋಸ್ತಿಗೆ ಮನೆಯವರ ಅಡ್ಡಿ ಇರ್ಲಿಲ್ಲ. ಉಣ್ಣುದು ಮಾತ್ರ ಚೂರು ಕಷ್ಟ. ಶೀಲಕ್ಕನ ಮನೆಯಲ್ಲಿ ಕೋಳಿ ಮಾಡಿದ್ರೆ ಫೌಝಿಯಾ ತಿನ್ಲಿಕ್ಕಿಲ್ಲ, ಅದು ಅವರ ಕ್ರಮದಲ್ಲಿ ಕೊಯ್ದದ್ದಲ್ಲ. ಹಂದಿ ಮಾಡಿದ ದಿನವಂತೂ ಅವಳು ಆ ಬದಿಗೇ ಬರುದಿಲ್ಲ. ಮೀನಿಗೆ ಆ ತಾಪತ್ರಯ ಇಲ್ಲ ನೋಡಿ. ಮೀನನ್ನು ಯಾರು ಹಿಡಿದ್ರೂ ಯಾರು ಕೊಯ್ದ್ರೂ ಎಲ್ಲರೂ ತಿನ್ಬಹುದು. ಅದಕ್ಕೆ ಶೀಲಕ್ಕನ ಅಮ್ಮ ಮೀನಿಗೇ ಅಂತ ಒಂದು ಮಣ್ಣಿನ ಪಾತ್ರೆ ಬೇರೆ ಇಟ್ಟಿದ್ರಂತೆ, ಅದರಲ್ಲಿ ಬೇರೆ ಎಂತದೂ ಬೇಯಿಸ್ತಿರ್ಲಿಲ್ಲ. "ಆ ಪಾತ್ರೆ ಒಲೆ ಮೇಲೆ ಉಂಟಂದ್ರೆ ಫೌಜಿ ನಮ್ಮಲ್ಲಿಗೇ ಊಟಕ್ಕೆ" ಅಂತ ಶೀಲಕ್ಕ ಹೇಳುದು. ಒಂದೇ ಬಟ್ಟಲಲ್ಲಿ ಇಬ್ಬರೂ ಉಂಡದ್ದು ಮೀನು ಮಾತ್ರ.

ಆ ಮೀನು ಎಲ್ಲಿಂದ ಅಂದ್ರೆ ಗದ್ದೆಯಿಂದ. ಮೊದಲ ದೊಡ್ಡ ಮಳೆ ಬಿದ್ದು ತೋಡಿನಲ್ಲಿ ಕೆಂಪು ನೀರು ಬಂತು ಅಂದ್ರೆ ಮೀನುಗಳು ಹರಿಯುವ ನೀರಿಗೆ ಎದುರಾಗಿ ಮೇಲೆ ಮೇಲೆ ಹತ್ತಿ ಬರ್ತವೆ, ಮೊಟ್ಟೆ ಇಡ್ಲಿಕ್ಕೆ. ನಮ್ಮ ಕಡೆ ಉಬರ್ ಅಂತ ಹೇಳುದು ಅದಕ್ಕೇ. ಒಬ್ಬಳು ನೀರು ಸಪೂರ ಆಗುವಲ್ಲಿ ಮೈ ಒರೆಸುವ ಬೈರಾಸು ಬಿಡಿಸಿ ಕೂರುದು, ಇನ್ನೊಬ್ಬಳು ಕೆಳಗಿಂದ ಕಾಲಲ್ಲಿ ಬಡಿದು ಬಡಿದು ಮೀನನ್ನು ಎಬ್ಬಿಸಿಕೊಂಡು ಬರುದು. ಸಿಗುದರಲ್ಲಿ ರಾಜ ಅಂದ್ರೆ ಮುಗುಡು. ಕಪ್ಪು ಮೈ, ಬೆಕ್ಕಿನ ಹಾಗೆ ಮೀಸೆ, ಹಿಡಿದ್ರೆ ಸಾಬೂನಿನ ಹಾಗೆ ಜಾರ್ತದೆ. ಕೆನ್ನೆ ಹತ್ರ ಎರಡು ಮುಳ್ಳು, ಅದು ಚುಚ್ಚಿದ್ರೆ ಅಜ್ಜಿ ನೆನಪಾಗ್ತಾರೆ. ಬೂದಿ ಹಾಕಿ ತಿಕ್ಕಿ ತೊಳೆದು ಹುಳಿ ಖಾರದ ಪುಳಿಮುಂಚಿ ಮಾಡಿದ್ರೆ, ಶೀಲಕ್ಕ ಇಲ್ಲಿ ಮಾತು ನಿಲ್ಲಿಸಿ ಎಂಜಲು ನುಂಗ್ತಾರೆ, ನಾನೂ ನುಂಗ್ತೇನೆ.

ಈಗ ಆ ಗದ್ದೆಯಲ್ಲಿ ರಬ್ಬರು. ಮುಗುಡು ಕಂಡು ಎಷ್ಟೋ ಕಾಲ ಆಯ್ತು.

ಸರಿ, ಆ ವಾಯ್ಸ್ ಮೆಸೇಜಿನಲ್ಲಿ ಫೌಝಿಯಾ ಹೇಳಿದ್ದು ಇಷ್ಟು. ಮೇಯಲ್ಲಿ ಅಣ್ಣನ ಮಗಳ ಮದುವೆ ಉಂಟು, ಬರ್ತೇನೆ. ಈ ಸಲ ಯಾರು ಎಂತ ಹೇಳಿದ್ರೂ ನಿನ್ನ ಮನೆಗೆ ಬಂದು ಒಂದು ಊಟ ಮಾಡಿಯೇ ಹೋಗುದು. ಇಲ್ಲಿಯ ಮೀನು ತಿಂದು ತಿಂದು ನಾಲಿಗೆ ಸತ್ತುಹೋಯ್ತು. ಕೊನೆಗೆ ಫ್ಯಾನಿನ ಶಬ್ದ, ಮತ್ತೆ "ಮುಗುಡು ಉಟ್ಟಾ ಶೀಲಾ ಈಗ ಅಲ್ಲಿ?" ಅಂತ. ಉಟ್ಟಾ ಅಂದ್ರೆ ಅರೆಭಾಷೆಯಲ್ಲಿ ಉಂಟಾ.

ಶೀಲಕ್ಕ ಯೋಚನೆ ಸಹ ಮಾಡ್ಲಿಲ್ಲ. ಮೈಕು ಒತ್ತಿ, "ಉಂಟು, ನಮ್ಮ ಹಿತ್ಲಲ್ಲೇ ಉಂಟು, ನೀ ಬಾ" ಅಂತ ಕಳಿಸಿಯೇ ಬಿಟ್ರು. ಹೊಂಡದಲ್ಲಿ ಆಗ ಇದ್ದದ್ದು ಸೊಳ್ಳೆಮರಿ ಮಾತ್ರ.

ಮರುದಿನ ಗಂಡನದ್ದೇ ಬಸ್ಸು ಹತ್ತಿ ಕಡಬಕ್ಕೆ ಹೋದ್ರು. ಅಲ್ಲಿ ಜಾಸಿರ್ ಅಂತ ಒಬ್ಬ ಇದ್ದಾನೆ, ಮೀನುಮರಿ ಸಾಕಿ ಮಾರುದು ಅವನ ಕೆಲಸ. ಮೀನುಗಾರಿಕೆಯದ್ದೇ ಕೋರ್ಸು ಮಾಡಿದವ, ಮಾತು ಜೋರು. ಯಾವ ಮೀನು ಬೇಕು ಅಂತ ಅವ ಮೊದಲು ಕೇಳ್ಲೇ ಇಲ್ವಂತೆ. ಹೊಂಡ ಎಷ್ಟು ಉದ್ದ, ಎಷ್ಟು ಆಳ, ಅಡಿಯಲ್ಲಿ ಮಣ್ಣಾ ಟರ್ಪಾಲಾ, ಬಿಸಿಲು ಎಷ್ಟು ಹೊತ್ತು, ನೀರು ಬದಲಿಸ್ಲಿಕ್ಕೆ ಆಗ್ತದಾ, ಮರದ ಎಲೆ ಬೀಳ್ತದಾ ಅಂತ ಡಾಕ್ಟ್ರ ಹಾಗೆ ಒಂದೊಂದೇ ಕೇಳಿದ. ಶೀಲಕ್ಕನಿಗೆ ಖುಷಿಯಾಯ್ತು, ಯಾಕಂದ್ರೆ ಅವರೂ ಹಾಗೇ, ಮೊದಲು ಅಳತೆ, ಮತ್ತೆ ಬಟ್ಟೆ.

ಎಲ್ಲ ಕೇಳಿ ಅವ ಹೇಳಿದ್ದು, ಇಷ್ಟು ಸಣ್ಣ ಹೊಂಡದಲ್ಲಿ ಕಾಟ್ಲಾ ಹಾಕುದು ದಂಡ, ಅದಕ್ಕೆ ಓಡಾಡ್ಲಿಕ್ಕೆ ಜಾಗ ಬೇಕು, ಇಲ್ಲಾಂದ್ರೆ ಬೆಳೀದಿಲ್ಲ. ರೋಹು ಸಹ ಅಷ್ಟಕ್ಕಷ್ಟೆ. ತಿಲಾಪಿಯಾ ಆಗ್ತದೆ, ಆದ್ರೆ ಮರಿ ಹಾಕಿ ಹಾಕಿ ಹೊಂಡ ತುಂಬಿ ಯಾವುದೂ ದೊಡ್ಡದಾಗುದಿಲ್ಲ. ಮುಗುಡು ಬೇಕಾ, ಅದು ಒಳ್ಳೇದೇ, ನೀರು ಚೂರು ಹಾಳಾದ್ರೂ ಮೇಲೆ ಬಂದು ಗಾಳಿ ಕುಡ್ದು ಹೋಗ್ತದೆ, ಸಾಯುದಿಲ್ಲ. ಊರಿನ ಮುಗುಡು ಮಾತ್ರ ಹಾಕಿ, ಯಾರಾದ್ರೂ ಆಫ್ರಿಕದ್ದು ಸಸಾರಕ್ಕೆ ಕೊಡ್ತೇನೆ ಅಂದ್ರೆ ಬೇಡ, ಅದು ಬ್ಯಾನು, ತೋಡಿಗೆ ಹೋಯ್ತಂದ್ರೆ ಇದ್ದಬದ್ದದ್ದನ್ನೆಲ್ಲ ತಿಂದು ಹಾಕ್ತದೆ. ಅಡಗ್ಲಿಕ್ಕೆ ಒಡೆದ ಹಂಚು, ಪೈಪಿನ ತುಂಡು ಹಾಕಿ. ಕೊನೆಗೆ ಅವ ಒಂದು ಮಾತು ಹೇಳಿದ.

"ಅಕ್ಕಾ, ಮಳೆಗಾಲ ಶುರುವಾಗುವ ಮೊದಲು ಸುತ್ತ ಬಲೆ ಕಟ್ಟಿ. ಮೊದಲ ಮಳೆಗೆ ಇವು ಎದ್ದು ಹೋಗ್ತವೆ."

ಶೀಲಕ್ಕನಿಗೆ ನಗು ಬಂತು. "ಉಬರ್ ಅಂದ್ರೆ ಎಂತ ಅಂತ ಮರ್ಕಂಜದವಳಿಗೆ ಹೇಳಿಕೊಡ್ತೀಯಾ ಮಾರಾಯ? ನೀನು ಹುಟ್ಟುವ ಮೊದಲೇ ಬೈರಾಸಲ್ಲಿ ಹಿಡ್ದವಳು ನಾನು."

"ಹಿಡೀಲಿಕ್ಕೆ ನೀವು ಹುಷಾರು ಅಂತ ಗೊತ್ತಾಯ್ತು. ನಾನು ಇವು ಬಿಟ್ಟು ಹೋಗದ ಹಾಗೆ ಮಾಡ್ಲಿಕ್ಕೆ ಹೇಳಿದ್ದು" ಅಂತ ಅವ ಸಹ ನಗಾಡಿದ.

ಮರಿಗಳನ್ನು ಗಾಳಿ ತುಂಬಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಲಲ್ಲಿ ಇಟ್ಕೊಂಡು ಡ್ರೈವರ್ ಸೀಟಿನ ಹಿಂದೆ ಕೂತು ಬಂದದ್ದು. ಜೆಪಿಯಣ್ಣನಿಗೆ ಆ ದಿನ ತಿರುವಿನಲ್ಲಿ ಬ್ರೇಕು ಹಾಕಿದ್ರೂ ಬೈಗಳು. ಕಂಡಕ್ಟರು ಬಂದು ಇವಕ್ಕೆಲ್ಲ ಅರ್ಧ ಟಿಕೆಟಾ ಪೂರ್ತಿಯಾ ಅಂತ ಕೇಳಿದ, ಬಸ್ಸಿಡೀ ನಗಾಡಿತು.

ಮುಗುಡು ಸಾಕುದ್ರಲ್ಲಿ ಒಂದು ಬೇಜಾರುಂಟು. ಅದು ಕಾಣುದಿಲ್ಲ. ಹಗಲಿಡೀ ಹಂಚಿನ ಅಡಿಯಲ್ಲಿ. ಸಂಜೆ ತಿಂಡಿ ಹಾಕಿದಾಗ ನೀರು ಒಮ್ಮೆ ಅಲ್ಲಾಡ್ತದೆ, ಎರಡು ಮೀಸೆ ಮೇಲೆ ಬರ್ತದೆ, ಒಂದು ಬಾಯಿ, ಮತ್ತೆ ಎಂತದೂ ಇಲ್ಲ. ದೀಕ್ಷಿತಾ ರಜೆಯಲ್ಲಿ ಬಂದು ಹೊಂಡದ ಬದಿಯಲ್ಲಿ ಫೋನು ಹಿಡಿದು ಕೂತು ಕೂತು ಕೊನೆಗೆ ಬೆಕ್ಕಿನ ರೀಲ್ಸ್ ಮಾಡಿ ಹೋದಳು. ಜೆಪಿಯಣ್ಣ ಕಾಣದ ಮೀನಿಗೆ ಕಾಣುವ ತಿಂಡಿ ಅಂತ ದಿನಾ ಕುಸಾಲು. ಶೀಲಕ್ಕ ಮಾತ್ರ ಸಂಜೆ ಮೆಷಿನಿಗೆ ಬಟ್ಟೆ ಹೊದಿಸಿ, ತೌಡು ಹಿಂಡಿ ಕಲಸಿದ ಉಂಡೆ ತಗೊಂಡು ಹೊಂಡದ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತ್ರೆ ಕತ್ತಲಾದ್ರೂ ಏಳುದಿಲ್ಲ. ಹಾಗೆ ಕೂತ್ಕೊಂಡೇ ದಮ್ಮಾಮಿಗೆ ಮೆಸೇಜು. ಇವತ್ತು ಮೀಸೆ ಇಷ್ಟುದ್ದ ಆಗಿದೆ. ಇವತ್ತು ಒಂದು ಹಾರಿತು. ಅಲ್ಲಿಂದ ಉತ್ತರ, ನಾನು ಇಲ್ಲಿ ಮೆಣಸು ಹುರಿದೇ ಇಟ್ಟಿದ್ದೇನೆ, ವಿಮಾನದಲ್ಲಿ ಬಿಡ್ತಾರಾ ಕೇಳ್ಬೇಕು ಅಂತ. ಇಬ್ಬರೂ ಐವತ್ತು ದಾಟಿದವರು. ಕೇಳಿದ್ರೆ ಏಳನೇ ಕ್ಲಾಸಿನವರ ಹಾಗೆ ಇತ್ತು.

ಪುತ್ತೂರಿನ ಸೋಮವಾರ ಸಂತೆಯಿಂದ ಒಂದು ಮಣ್ಣಿನ ಪಾತ್ರೆ ಬಂತು. ಗಂಜಿತಿಳಿ ಹಾಕಿ ಕಾಯಿಸಿ ಪಳಗಿಸಿ, ಅಡಿಗೆಕೋಣೆಯ ಮೇಲಿನ ಹಲಗೆಯಲ್ಲಿ ಮಗುಚಿ ಇಟ್ರು. ಜೆಪಿಯಣ್ಣ ಒಂದು ಆದಿತ್ಯವಾರ ಹೊಂಡದಿಂದ ಒಂದೆರಡು ಹಿಡಿಯುವ, ಸ್ಯಾಂಪಲ್ ನೋಡುವ ಅಂದ್ರು. ಆಗುದಿಲ್ಲ ಅಂದ್ರೆ ಆಗುದಿಲ್ಲ.

"ಅದು ಫೌಜಿಗೆ."

"ನಾನು ಸಹ ಒಂದು ಸಲ ಗಲ್ಫಿಗೆ ಹೋಗಿ ಬಂದ್ರೆ ನನಗೂ ಸಿಗ್ಬಹುದಾ?"

"ನೀವು ಹೋಗಿ, ಮತ್ತೆ ನೋಡುವ."

ಏಪ್ರಿಲ್ ಕೊನೆಗೆ ಸುದ್ದಿ ಬಂತು, ಮದುವೆ ಮೇಯಿಂದ ಜೂನಿಗೆ ಹೋಯ್ತು ಅಂತ. ಮದುಮಗನಿಗೆ ರಜೆ ಸಿಗ್ಲಿಲ್ಲ. ಟಿಕೆಟು ಬದಲಿಸಿದ್ದೇನೆ, ನಿನ್ನ ಮುಗುಡಿಗೆ ಇನ್ನು ಚೂರು ತಿನ್ನಿಸು, ಬೆಳೀಲಿ ಅಂತ ಫೌಝಿಯಾ ಹೇಳಿದ್ರು. ಶೀಲಕ್ಕನಿಗೂ ಅದು ಸರಿಯೇ ಕಂಡಿತು. ಬಲೆ ಕಟ್ಬೇಕು ಅಂತ ಮಂಡೆಯಲ್ಲಿ ಇತ್ತು. ಈಗಲೇ ಕಟ್ಟಿದ್ರೆ ಬಸಳೆಗೆ ನೀರು ತೆಗೀಲಿಕ್ಕೆ ಅಡ್ಡ ಆಗ್ತದೆ, ಮಳೆ ಹತ್ರ ಬಂದ ಮೇಲೆ ನೋಡುವ ಅಂತ.

ಮೇ ಕೊನೆ ಅಂದ್ರೆ ಟೈಲರ್‌ಗಳಿಗೆ ಎಂತ ಸಮಯ ಅಂತ ನಿಮಗೆ ಗೊತ್ತಿರ್ಬಹುದು. ಶಾಲೆ ಶುರು. ಯೂನಿಫಾರ್ಮು ಯೂನಿಫಾರ್ಮು ಯೂನಿಫಾರ್ಮು. ಜಗಲಿಯಿಡೀ ನೀಲಿ ಬಟ್ಟೆ, ನಡೀಲಿಕ್ಕೆ ಜಾಗ ಇಲ್ಲ. ನನ್ನ ತಂಗಿಯ ಚೂಡಿದಾರವೂ ಆ ರಾಶಿಯಲ್ಲೇ ಇತ್ತು, ಅದಕ್ಕೇ ನಾನು ಆ ಸಂಜೆ ಅಲ್ಲಿದ್ದದ್ದು. ಆಕಾಶ ಒಮ್ಮೆಲೆ ಕಪ್ಪಾಯ್ತು. ಗುಡುಗು, ಗಾಳಿ, ಕರೆಂಟು ಹೋಯ್ತು, ಮತ್ತೆ ಮಳೆ ಅಂದ್ರೆ ಮಳೆ. ಶೀಲಕ್ಕ ಕಾಲಲ್ಲಿ ಮೆಷಿನು ಮೆಟ್ತಾ ಇದ್ದವರು ನಿಲ್ಲಿಸಿದ್ರು. ಮಣ್ಣಿನ ವಾಸನೆ ಜಗಲಿಗೆ ಬಂತು. ಅವರ ಮುಖ ನೋಡ್ಬೇಕಿತ್ತು ನೀವು. ಫೋನು ತೆಗ್ದು ಮೈಕು ಒತ್ತಿದ್ರು.

"ಫೌಜಿ, ಮಳೆ ಬಂತು ನೋಡು. ಕೇಳ್ತದಾ? ಈಗ ನಮ್ಮ ತೋಡಿನಲ್ಲಿ ಕೆಂಪು ನೀರು ಬಂದಿರ್ತದೆ. ನೀನು ಮೇಲೆ ಬೈರಾಸು ಹಿಡ್ಕೊಂಡು ಕೂತದ್ದು, ನಾನು ಕೆಳಗಿಂದ ಬಡ್ಕೊಂಡು ಬಂದದ್ದು, ನೆನಪುಂಟಾ ನಿನಗೆ? ಒಂದು ಸಲ ನಿನ್ನ ಲಂಗದ ಒಳಗೇ ಹೋಗಿತ್ತಲ್ಲ."

ಕಳಿಸಿ ಮತ್ತೆ ಮೆಷಿನಿಗೆ ಕೂತ್ರು. ಇನ್ನೂ ಒಂದು ಕಟ್ಟು ಚಡ್ಡಿ ಬಾಕಿ ಇತ್ತು. ಮಳೆ ಬಿಡ್ಲಿಲ್ಲ. ನಾನು ಮಳೆ ಚೂರು ಸಣ್ಣ ಆಗುವಾಗ ಕೊಡೆ ಹಿಡ್ಕೊಂಡು ಮನೆಗೆ ಬಂದೆ. ಹಿತ್ಲಿನ ಹೊಂಡ ನಮಗಿಬ್ಬರಿಗೂ ನೆನಪೇ ಆಗ್ಲಿಲ್ಲ. ಶೀಲಕ್ಕ ಈಗಲೂ ಹೇಳುದು ಅದನ್ನೇ. ಅವಳಿಗೆ ಉಬರಿನ ಕತೆ ಹೇಳ್ತಾ ಕೂತದ್ದು, ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಉಬರು ಹೋಗ್ತಾ ಇತ್ತು ಅಂತ.

ಬೆಳಿಗ್ಗೆ ಹೊಂಡ ತುಂಬಿ ಬದಿಯಿಂದ ಚೆಲ್ತಾ ಇತ್ತು. ಹೆಚ್ಚಾದ ನೀರು ಕೆಳಗಿನ ತೋಡಿಗೆ ಹೋಗ್ಲಿ ಅಂತ ಜೆಪಿಯಣ್ಣ ಕಡಿದ ಕಣಿ ಉಂಟಲ್ಲ, ಅದು ತೋಡಿನವರೆಗೆ ಸೀದಾ ಹರೀತಾ ಇತ್ತು. ಒದ್ದೆ ಮಣ್ಣಿನ ಮೇಲೆ ಹಾವು ಹೋದ ಹಾಗೆ ಗೀಟು ಗೀಟು. ಶೀಲಕ್ಕ ಕೋಲಲ್ಲಿ ಒಂದೊಂದೇ ಹಂಚು ಎತ್ತಿ ನೋಡಿದ್ರು. ಪೈಪಿನ ತುಂಡಿನ ಒಳಗೆ ಟಾರ್ಚು ಹಾಕಿ ನೋಡಿದ್ರು. ಒಂದೂ ಇಲ್ಲ. ಜೆಪಿಯಣ್ಣ ಡ್ಯೂಟಿಗೆ ಹೊರಟವರು ಬಂದು ನಿಂತ್ರು, ಆ ಗೀಟುಗಳನ್ನು ನೋಡಿದ್ರು. ಅವರೇ ಒಳಗೆ ಹೋಗಿ ಚಾ ಮಾಡಿ ತಂದು ಕೊಟ್ಟು ಬಸ್ಸಿಗೆ ಹೋದ್ರು.

ಫೌಝಿಯಾರಿಗೆ ಹೇಳ್ಲಿಲ್ಲ. ಹೇಗೆ ಹೇಳುದು. ಅವರು ಆಗಲೇ ಸೂಟ್‌ಕೇಸು ಕಟ್ಟುದ್ರಲ್ಲಿ ಇದ್ರು. ಬೇರೆ ಮೀನಾದ್ರೂ ತರುವ ಅಂದ್ರೆ ಜೂನಿನಲ್ಲಿ ಬೋಟುಗಳಿಗೆ ರಜೆ, ಮೀನಿನ ಗಾಡಿ ಬರುದೇ ಅಪರೂಪ, ಬಂದ್ರೂ ಐಸಿನಲ್ಲಿ ಎಷ್ಟು ದಿನ ಕೂತದ್ದೋ. ಜಾಸಿರ್‌ಗೆ ಫೋನು ಮಾಡಿ ದೊಡ್ಡ ಮುಗುಡು ಇದ್ರೆ ಕೊಡ್ತೀಯಾ ಕೇಳಿದ್ರು. ಅವನ ಹತ್ರ ಆಗ ಮರಿ ಮಾತ್ರ. ಬಲೆಯ ಮಾತು ಅವ ಎತ್ಲಿಲ್ಲ, ಅದು ಅವನ ಒಳ್ಳೆತನ.

ಮದುವೆ ಮುಗಿದು, ವಿಮಾನ ಹತ್ತುವ ಮೊದಲು ಸಿಕ್ಕಿದ ಒಂದು ಮಧ್ಯಾಹ್ನ ಫೌಝಿಯಾ ಬಂದ್ರು. ಅಳಿಯ ಕಾರು ತಗೊಂಡು ಬಂದಿದ್ದ. ಪುತ್ತೂರಲ್ಲಿ ಇನ್ನೊಂದು ಮನೆಗೆ ಹೋಗ್ಲಿಕ್ಕುಂಟು, ತಡ ಮಾಡ್ಬೇಡಿ ಅಂತ ಹೇಳಿ ಅವ ಕಾರಿನಲ್ಲೇ ಕೂತ. ಪಿರಿಪಿರಿ ಮಳೆ. ಫೌಝಿಯಾ ಜಗಲಿಯಲ್ಲಿ ಕೂರ್ಲೇ ಇಲ್ಲ, ಸೀದಾ ಅಡಿಗೆಕೋಣೆಗೆ ಹೋದ್ರು. ಮಂಡಿನೋವು, ಗೋಡೆ ಹಿಡ್ಕೊಂಡು ನಡೀತಾರೆ. ಹಲಗೆಯಲ್ಲಿ ಮಗುಚಿಟ್ಟ ಮಣ್ಣಿನ ಪಾತ್ರೆ ಕಂಡಿತು. ಕೈಯಲ್ಲಿ ಮುಟ್ಟಿ ನೋಡಿದ್ರು. ಅಡಿಗೆ ಮಾಡಿದ ಗುರುತೇ ಇರ್ಲಿಲ್ಲ.

"ಮುಗುಡು ಎಲ್ಲಿ?"

ಶೀಲಕ್ಕ ನೆಲ ನೋಡ್ಕೊಂಡು ಹೇಳಿದ್ರು, ಆ ದಿನ ಮಳೆ ಬಂತು ಅಂತ ಮೆಸೇಜು ಹಾಕಿದ್ದೆನಲ್ಲ, ಆಗ ಹೋಯ್ತು, ಎಲ್ಲ ಹೋಯ್ತು ಅಂತ.

"ಬಲೆ ಕಟ್ಲಿಲ್ವಾ ನೀನು?"

"ಮರ್ತೆ."

"ನೀನು? ನೀನು ಮರ್ತಿಯಾ?"

ಮತ್ತೆ ನಗು ಶುರುವಾದದ್ದು. ಫೌಝಿಯಾ ಅಕ್ಕಿ ಡಬ್ಬ ಹಿಡ್ಕೊಂಡು ನಗಾಡಿದ್ರಂತೆ, ತಲೆಗೆ ಸುತ್ತಿದ ಮಫ್ತಾದ ತುದಿಯಲ್ಲಿ ಕಣ್ಣು ಒರೆಸಿಕೊಂಡ್ರಂತೆ. ನಗಾಡಿ ಮುಗಿದ ಮೇಲೂ ಒರೆಸ್ತಾ ಇದ್ರಂತೆ. ಶೀಲಕ್ಕ ಚಾಕ್ಕೆ ನೀರಿಟ್ರು, ಒಣಮೀನಿನ ಚಟ್ನಿ ಉಂಟು, ಅನ್ನ ಬಡಿಸ್ಲಾ ಅಂತ ಕೇಳಿದ್ರು. ಫೌಝಿಯಾ ಕೈ ಚಾಚಿದ್ರು.

"ಬೈರಾಸು ಕೊಡು."

"ಹುಚ್ಚಾ ನಿನಗೆ, ಮಂಡಿನೋವಲ್ಲಿ."

"ಕೊಡು ಹೇಳಿದ್ದು. ಎಲ್ಲಿಗೆ ಹೋಗಿರ್ತವೆ ಅವು, ನಿನ್ನ ತೋಡಿಗೇ ತಾನೆ?"

ಇಬ್ಬರೂ ಹಿತ್ಲಿನ ಬಾಗಿಲಿಂದ ಇಳಿದ್ರು. ಶೀಲಕ್ಕ ಮುಂದೆ, ಫೌಝಿಯಾ ಅವರ ಭುಜ ಹಿಡ್ಕೊಂಡು ಹಿಂದೆ. ತೋಡಿನ ಬದಿಯಲ್ಲಿ ಬುರ್ಖಾ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಫೌಝಿಯಾ ನೀರಿಗೆ ಇಳಿದದ್ದನ್ನು ಆಚೆ ಬದಿಯಲ್ಲಿ ದನ ಕಟ್ಲಿಕ್ಕೆ ಬಂದ ತಿಮ್ಮಕ್ಕ ನೋಡಿ, ಎಂತ ಕಳಕೊಂಡದ್ದು ಅಂತ ಕೇಳಿದ್ರಂತೆ. ಬಂಗಾರ ಅಂತ ಶೀಲಕ್ಕ ಹೇಳಿದ್ರು. ಆ ಅಜ್ಜಿ ಪಾಪ ತುಂಬ ಹೊತ್ತು ಅವರ ಜೊತೆ ನೀರನ್ನೇ ನೋಡ್ತಾ ನಿಂತಿದ್ರು.

ಬೈರಾಸಿಗೆ ಕಸ ಬಿಟ್ರೆ ಎಂತದೂ ಬರ್ಲಿಲ್ಲ. ಮೀನು ಹೋಗಿ ಆಗಲೇ ದಿನಗಳು ಕಳೆದಿದ್ದವು, ಬರುದಾದ್ರೂ ಹೇಗೆ. ಮೇಲಿನಿಂದ ಕಾರಿನ ಹಾರ್ನು ಒಮ್ಮೆ ಕೇಳಿತು. ಶೀಲಕ್ಕ ಸಾಕು ಬಾ ಅಂದ್ರು. ಫೌಝಿಯಾ ಕೇಳ್ಲಿಲ್ಲ. ಬದಿಯ ಬೇರಿನ ಅಡಿಯಲ್ಲಿ ಬಿಲದ ಹಾಗೆ ಒಂದು ಮಾಟೆ ಇತ್ತು, ಚಿಕ್ಕಂದಿನಲ್ಲಿ ಹಾಗಿನ ಮಾಟೆಗೇ ಕೈ ಹಾಕುದು. ಬಗ್ಗಿ ಮೊಣಕೈವರೆಗೆ ಕೈ ಒಳಗೆ ಹಾಕಿದ್ರು. ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ, ಕೈಯಲ್ಲೇ ನೋಡುವ ಹಾಗೆ. ಒಮ್ಮೆಲೆ ಕೈ ಎಳ್ಕೊಂಡ್ರು. ತೋರುಬೆರಳಲ್ಲಿ ಒಂದು ಕೆಂಪು ಚುಕ್ಕೆ, ನೋಡ್ತಾ ಇದ್ದ ಹಾಗೆ ದೊಡ್ಡದಾಯ್ತು.

"ಉಂಟು ಮಾರಾಯ್ತಿ" ಅಂದ್ರು ಮೆಲ್ಲ. "ಉಂಟು. ಚುಚ್ಚಿತು."

ಮಾಟೆಯಿಂದ ಕೆಸರಿನ ನೀರು ಒಮ್ಮೆ ಕದಡಿ ಹೊರಗೆ ಬಂತು, ಅಷ್ಟೆ. ಮೀನು ಹೊರಗೆ ಬಂದದ್ದು ಇಬ್ಬರಿಗೂ ಕಾಣ್ಲಿಲ್ಲ.

ಮನೆಗೆ ಬಂದು ಬೆರಳಿಗೆ ಸುಣ್ಣ ಹಚ್ಚಿದ್ರು. ಚಾ ನಿಂತ್ಕೊಂಡೇ ಕುಡಿದದ್ದು. ಒಣಮೀನಿನ ಚಟ್ನಿ ಒಂದು ಚಿಟಿಕೆ ಶೀಲಕ್ಕನ ಕೈಯಿಂದಲೇ ಬಾಯಿಗೆ ಹಾಕಿಸ್ಕೊಂಡ್ರು, ಅವರದ್ದು ಬಲಗೈ ಸುಣ್ಣದಲ್ಲಿ ಇತ್ತಲ್ಲ. ಅಳಿಯ ಮತ್ತೆ ಹಾರ್ನು ಹಾಕಿದ. ಬುರ್ಖಾದ ಅಂಚಿನಿಂದ ನೀರು ತೊಟ್ಟಿಕ್ಕುದು ನೋಡಿ ಎಂತಾಯ್ತು ಮಾಮಿ ಅಂತ ಕೇಳಿದ್ದಕ್ಕೆ, ಜಾರಿದೆ ಅಂದ್ರು. ಕಾರಿನ ಕಿಟಕಿಯಲ್ಲಿ ಶೀಲಕ್ಕ ಕೇಳಿದ್ರು, ಇನ್ನು ಯಾವಾಗ. ಫೌಝಿಯಾರ ಗಂಡನಿಗೆ ಶುಗರು, ಅಂಗಡಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ. ಎರಡು ವರ್ಷ ಆಗ್ಬಹುದು, ಜಾಸ್ತಿಯೂ ಆಗ್ಬಹುದು ಅಂತ ಹೇಳಿದ್ರು. ಸುಣ್ಣದ ಬೆರಳನ್ನು ನೆಟ್ಟಗೆ ಹಿಡ್ಕೊಂಡೇ ಟಾಟಾ ಮಾಡಿದ್ದು.

ದಮ್ಮಾಮಿನಿಂದ ಬಂದ ಮೊದಲ ಮೆಸೇಜು ಬೆರಳಿನದ್ದೇ. ಇನ್ನೂ ಉರೀತದೆ, ಬಾತದೆ, ಇವರು ಡಾಕ್ಟ್ರಿಗೆ ತೋರಿಸು ಅಂತ ಹೇಳ್ತಾರೆ, ನಾನು ಬೇಡ ಹೇಳಿದೆ. ಅದು ಇರುವಷ್ಟು ದಿನ ಇರ್ಲಿ ಅಂತ. ಶೀಲಕ್ಕ ಅದನ್ನು ನನಗೆ ಕೇಳಿಸಿದ್ರು. ಕೇಳಿಸುವಾಗ ಮೆಷಿನಿನ ಚಕ್ರ ಕೈಯಲ್ಲಿ ಸುಮ್ಮನೆ ತಿರುಗಿಸ್ತಾ ಇದ್ರು, ಸೂಜಿಯ ಅಡಿಯಲ್ಲಿ ಬಟ್ಟೆಯೇ ಇರ್ಲಿಲ್ಲ.

ಆಗಸ್ಟಿನಲ್ಲಿ ಹೊಂಡಕ್ಕೆ ಯಾವ ಮೀನು ಅಂತ ಮತ್ತೊಮ್ಮೆ ಮಾತು ಬಂತು. ಮೇಲಿನ ಮನೆಯವರು ತಿಲಾಪಿಯಾ ಅಂತ ಮತ್ತೆ ಹೇಳಿದ್ರು. ಫೌಝಿಯಾ ಈ ವರ್ಷ ಮುಗುಡು ತಿನ್ಲಿಕ್ಕೆ ಬರುದಿಲ್ಲ ಅಂತ ಎಲ್ಲರಿಗೂ ಗೊತ್ತು, ಮುಂದಿನ ವರ್ಷವೂ ಅನುಮಾನ. ಹೀಗಿರುವಾಗ ಮುಗುಡೇ ಯಾಕೆ ಅಂತ ನಾನೇ ಕೇಳಿದೆ. ಶೀಲಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ರು, ಅದನ್ನು ತೆಗ್ದು ಪಿಂಕುಷನ್ನಿಗೆ ಚುಚ್ಚಿ ಹೇಳಿದ್ರು, "ಉಂಟಾ ಅಂತ ಕೇಳಿದ್ರೆ ಉಂಟು ಅಂತ ಹೇಳ್ಬೇಕಲ್ಲ."

ಪುನಃ ಕಡಬದ ಬಸ್ಸು, ಪುನಃ ಮಡಿಲಲ್ಲಿ ಚೀಲ. ಈ ಸಲ ಬಲೆ ಮರೀಲಿಲ್ಲ. ನರ್ಸರಿಗೆ ಹಾಕುವ ಹಸಿರು ನೆಟ್ಟು ತಂದು, ಅಂಚು ಮಡಚಿ, ಮೆಷಿನಿನಲ್ಲಿ ಎರಡೆರಡು ಹೊಲಿಗೆ ಹಾಕಿ, ಕಂಬಕ್ಕೆ ಕಟ್ಲಿಕ್ಕೆ ಲಾಡಿ ಸಹ ಇಟ್ಟು ಹೊಲಿದದ್ದು. ಯೂನಿಫಾರ್ಮಿನ ರಾಶಿ ಬರುವ ಮೊದಲೇ ಏಪ್ರಿಲ್‌ನಲ್ಲಿ ಕಟ್ಟಿ ಆಯ್ತು. ಹೊಂಡಕ್ಕೆ ಲಂಗ ಹಾಕಿದ ಹಾಗೆ ಕಾಣ್ತದೆ. ಬುಡವನ್ನು ಮಣ್ಣಲ್ಲಿ ಹೂತು ಕಲ್ಲು ಇಟ್ಟದ್ದು ಜೆಪಿಯಣ್ಣ. ಅವರು ಈಗ ಸ್ಯಾಂಪಲ್ ಕೇಳುದಿಲ್ಲ. ಮೊನ್ನೆ ಕಂಡಕ್ಟರು, ಡ್ರೈವರಣ್ಣ ನಿಮ್ಮಲ್ಲಿ ಒಳ್ಳೆ ಮುಗುಡು ಉಂಟಂತಲ್ಲ, ಒಂದೆರಡು ಕೊಡ್ತೀರಾ ಕೇಳಿದ್ದಕ್ಕೆ, ಅದು ನಮ್ಮದಲ್ಲ ಮಾರಾಯ, ಒಬ್ಬರು ಇಟ್ಟು ಹೋದದ್ದು ಅಂತ ಹೇಳಿದ್ರಂತೆ.

ಈ ವರ್ಷದ ಮೊದಲ ಮಳೆ ಸಂಜೆಯೇ ಬಂತು. ನಾನು ನೀಲಿ ಬಟ್ಟೆಯ ರಾಶಿಯ ಪಕ್ಕದಲ್ಲೇ ಇದ್ದೆ. ಮಣ್ಣಿನ ವಾಸನೆ ಬಂದದ್ದೇ ತಡ ಶೀಲಕ್ಕ ಮೆಷಿನು ನಿಲ್ಲಿಸಿ ಎದ್ರು. ಕೊಡೆ ಒಂದು ಕೈಯಲ್ಲಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಫೋನು ಇನ್ನೊಂದು ಕೈಯಲ್ಲಿ. ನಾನೂ ಹಿಂದೆ ಹೋದೆ. ಹೊಂಡ ತುಂಬ್ತಾ ಇತ್ತು. ವರ್ಷವಿಡೀ ಕಾಣದ ಮೀನುಗಳು ಆಗ ಕಂಡವು. ಕೈಯಷ್ಟುದ್ದ, ಕಪ್ಪು, ಹೊಳೀತಾ. ನೀರು ಹರಿಯುವ ಬದಿಗೆ ಒಂದರ ಹಿಂದೆ ಒಂದು ಬಂದು ನೆಟ್ಟಿಗೆ ಬಡೀತಾ ಇದ್ದವು. ಬಡಿದು ಬೀಳುದು, ಪುನಃ ಬರುದು. ಎರಡು ಹೊಲಿಗೆ ಹಾಕಿದ ನೆಟ್ಟು, ಬಿಡ್ಲಿಲ್ಲ.

ಶೀಲಕ್ಕ ಕೂತು, ಕೊಡೆಯನ್ನು ಫೋನಿಗೆ ಹಿಡಿದು ತಾನು ಒದ್ದೆ ಆಗ್ತಾ, ನೆಟ್ಟಿನ ಹತ್ರ ಮೈಕು ಒತ್ತಿ ಹಿಡಿದ್ರು. ಮೀನು ಬಡಿಯುವ ಶಬ್ದ ಅಲ್ಲಿಗೆ ಕೇಳ್ಲಿ ಅಂತ. ಸುಮಾರು ಹೊತ್ತು ಹಿಡಿದು ಕಳಿಸಿದ್ರು.

ಅಲ್ಲಿ ಅಂಗಡಿಯ ಹೊತ್ತು ಇರ್ಬೇಕು, ಹಿಂದಿನಿಂದ ಯಾರೋ ಅರಬ್ಬಿಯಲ್ಲಿ ಎಂತದೋ ಕೇಳುದು ಕೇಳ್ತಿತ್ತು. ಆದ್ರೂ ಉತ್ತರ ಕೂಡ್ಲೇ ಬಂತು.

"ಮಳೆಯ ಶಬ್ದವೇ ಜೋರು ಶೀಲಾ, ಮೀನಿನದ್ದು ಕೇಳ್ಲಿಲ್ಲ. ಇನ್ನು ಚೂರು ಹತ್ರ ಹಿಡಿದು ಇನ್ನೊಮ್ಮೆ ಕಳಿಸು."

ಶೀಲಕ್ಕ ಕೊಡೆಯನ್ನು ನನ್ನ ಕೈಗೆ ಕೊಟ್ಟು, ನೆಟ್ಟಿನ ಹತ್ರ ಇನ್ನೂ ಬಗ್ಗಿದ್ರು.